ಅಂತರ್ಯುದ್ಧ ಮತ್ತು ನೆರೆಯ ದೇಶಗಳು

1987ರ ಜೂನ್ 4ರಂದು ಭಾರತೀಯ ವಾಯುಪಡೆಯ ಐದು ಆಂಟೊನೊವ್-32 ಸಾಗಣೆ ವಿಮಾನಗಳು ಬೆಂಗಳೂರಿನಿಂದ ಮೇಲೇರಿ ಆಗ್ನೇಯ ದಿಕ್ಕಿಗೆ ತಿರುಗಿದವು. ಅವುಗಳಲ್ಲಿದ್ದುದು ಸುಮಾರು 25 ಟನ್ ಆಹಾರ ಮತ್ತು ಔಷಧಿ. ಮಿರಾಜ್-2000 ಯುದ್ಧವಿಮಾನಗಳ ಕಾವಲಿನಲ್ಲಿ ಅವು ಅನುಮತಿಗೆ ಕಾಯದೆ ಶ್ರೀಲಂಕಾದ ವಾಯುಗಡಿ ದಾಟಿ, ಅಲ್ಲಿನ ಸೇನೆ ಸುತ್ತುವರಿದಿದ್ದ ಜಾಫ್ನಾ ಪ್ರದೇಶದ ಮೇಲೆ ಸರಕನ್ನು ಪ್ಯಾರಾಚೂಟ್ ಕಟ್ಟಿ ಇಳಿಬಿಟ್ಟು ಹಿಂದಿರುಗಿದವು. ಹಿಂದಿನ ದಿನ ರಾಮೇಶ್ವರದ ಕಡೆಯಿಂದ ಪರಿಹಾರ ಸಾಮಗ್ರಿ ತುಂಬಿಕೊಂಡು ಹೊರಟಿದ್ದ ದೋಣಿಗಳನ್ನು ಶ್ರೀಲಂಕಾ ನೌಕಾಪಡೆ ನಡುನೀರಿನಲ್ಲಿ ತಡೆದು ವಾಪಸು ಕಳಿಸಿತ್ತು. 'ಪೂಮಾಲೈ' ಎಂದು ಹೆಸರಿಟ್ಟ ಆ ಕಾರ್ಯಾಚರಣೆಗೆ ಬೆಂಗಳೂರು ನೆಲೆಯಾದದ್ದು ನಕ್ಷೆ ನೋಡಿದವರಿಗೆ ವಿಚಿತ್ರವೆನಿಸದು. ನೇರ ಗೆರೆ ಎಳೆದರೆ ಬೆಂಗಳೂರಿನಿಂದ ಜಾಫ್ನಾ ಸುಮಾರು 450 ಕಿ.ಮೀ. ದೂರದಲ್ಲಿದೆ, ಬೀದರ್ ಸುಮಾರು 550 ಕಿ.ಮೀ. ದೂರದಲ್ಲಿದೆ. ಪರದೇಶದ ಯುದ್ಧಭೂಮಿಯೊಂದು ಕರ್ನಾಟಕದ ರಾಜಧಾನಿಗೆ ಕರ್ನಾಟಕದ್ದೇ ಒಂದು ಜಿಲ್ಲೆಗಿಂತ ಹತ್ತಿರವಿತ್ತು.

ಒಂದು ದೇಶದ ಸರ್ಕಾರಕ್ಕೂ ಆ ದೇಶದೊಳಗಿನ ಸಂಘಟಿತ ಸಶಸ್ತ್ರ ಗುಂಪಿಗೂ, ಅಥವಾ ಅಂಥ ಗುಂಪುಗಳ ನಡುವೆಯೇ, ದೀರ್ಘಕಾಲ ನಡೆಯುವ ಕಾಳಗವನ್ನು ಅಂತರ್ಯುದ್ಧ ಎನ್ನುತ್ತಾರೆ. ವರ್ಷಕ್ಕೆ ಸಾವಿರ ಮಂದಿ ಹೋರಾಟದಲ್ಲಿ ಸತ್ತರೆ ಅದು ಯುದ್ಧ, 25 ಮಂದಿ ಸತ್ತರೆ ಸಶಸ್ತ್ರ ಸಂಘರ್ಷ ಎಂಬುದು ಸಂಶೋಧಕರು ರೂಢಿಸಿಕೊಂಡ ಲೆಕ್ಕ. ಎರಡನೆಯ ಮಹಾಯುದ್ಧದ ನಂತರ ಜಗತ್ತು ಕಂಡ ಯುದ್ಧಗಳಲ್ಲಿ ಹೆಚ್ಚಿನವು ಈ ಬಗೆಯವು. ಹೆಸರಿನಲ್ಲಿ 'ಅಂತರ್' ಇದ್ದರೂ ಪೂರ್ತಿಯಾಗಿ ಗಡಿಯೊಳಗೇ ಉಳಿದ ಅಂತರ್ಯುದ್ಧ ಅಪರೂಪ. ಜನ ಗಡಿ ದಾಟುತ್ತಾರೆ, ಬಂದೂಕು ದಾಟುತ್ತದೆ, ಕಾಯಿಲೆ ದಾಟುತ್ತದೆ. ಸರಕು ಹೋಗುವ ದಾರಿ ಮುಚ್ಚುತ್ತದೆ. ಇವೆಲ್ಲ ನೆರೆಯ ದೇಶದ ಮೇಲೆ ತಾವಾಗಿ ಬಂದೆರಗುವ ಸಂಕಟಗಳೆಂದು ಹೇಳುವುದು ವಾಡಿಕೆ. ಆ ಮಾತು ಅರ್ಧ ಮಾತ್ರ ನಿಜ. ನೆರೆಯವನು ಬಹಳ ಸಲ ಆ ಜಗಳದಲ್ಲಿ ತಾನೂ ಕೈಯಾಡಿಸಿರುತ್ತಾನೆ. ಅದರ ಫಲವನ್ನು ವರ್ಷಗಳ ನಂತರ ಅನುಭವಿಸುವವರು, ಆ ತೀರ್ಮಾನದಲ್ಲಿ ಯಾವ ಪಾಲೂ ಇಲ್ಲದ ಊರುಗಳ ಜನ.

ಕನ್ನಡ ನಾಡಿಗೆ ಇದರ ಅತಿ ಸ್ಪಷ್ಟ ಉದಾಹರಣೆ ಶ್ರೀಲಂಕಾ. 1983ರ ಜುಲೈ 23ರಂದು ಜಾಫ್ನಾದಲ್ಲಿ ತಮಿಳು ಹುಲಿಗಳ (ಎಲ್‌ಟಿಟಿಇ) ಹೊಂಚುದಾಳಿಗೆ 13 ಸೈನಿಕರು ಬಲಿಯಾದರು. ಅದರ ಬೆನ್ನಿಗೇ ಕೊಲಂಬೊದಲ್ಲೂ ಇತರ ಊರುಗಳಲ್ಲೂ ತಮಿಳರ ಮನೆ, ಅಂಗಡಿಗಳಿಗೆ ಬೆಂಕಿ ಬಿತ್ತು. ನೂರಾರು, ಕೆಲವರ ಅಂದಾಜಿನಂತೆ ಸಾವಿರಾರು ಜನ ಹತರಾದರು. 'ಕಪ್ಪು ಜುಲೈ' ಎಂದು ಕರೆಯಲಾಗುವ ಆ ದಿನಗಳ ನಂತರ ಪಾಕ್ ಜಲಸಂಧಿ ದಾಟಿ ರಾಮೇಶ್ವರಕ್ಕೆ, ಅಲ್ಲಿಂದ ಮಂಡಪಂ ಶಿಬಿರಕ್ಕೆ ಬಂದವರ ಸಾಲು ನಿಲ್ಲಲಿಲ್ಲ. 2009ರಲ್ಲಿ ಯುದ್ಧ ಮುಗಿಯುವವರೆಗೆ ಅಲೆ ಅಲೆಯಾಗಿ ಬಂದವರ ಒಟ್ಟು ಸಂಖ್ಯೆ ಸುಮಾರು 3 ಲಕ್ಷ.

ಭಾರತ ಆಶ್ರಯ ಕೊಟ್ಟು ಸುಮ್ಮನಿರಲಿಲ್ಲ. ತಮಿಳು ಉಗ್ರ ಗುಂಪುಗಳ ಯುವಕರಿಗೆ ಭಾರತದ ಗುಪ್ತಚರ ಸಂಸ್ಥೆ 'ರಾ' ಶಸ್ತ್ರ ತರಬೇತಿ ಕೊಟ್ಟಿತು. ಮದ್ರಾಸಿನಲ್ಲಿ ಆ ಗುಂಪುಗಳ ಕಚೇರಿಗಳು ತೆರೆದವು, ತಮಿಳುನಾಡಿನ ಮುಖ್ಯಮಂತ್ರಿ ಎಂ.ಜಿ. ರಾಮಚಂದ್ರನ್ (ಎಂಜಿಆರ್) ಹುಲಿಗಳಿಗೆ ಬಹಿರಂಗವಾಗಿಯೇ ಬೆಂಬಲವಾಗಿ ನಿಂತರು. ಕೊಲಂಬೊ ಸರ್ಕಾರದ ಮೇಲೆ ಒತ್ತಡ ಹೇರುವುದು, ತಮಿಳುನಾಡಿನ ಆಕ್ರೋಶವನ್ನು ತಣಿಸುವುದು ಎಂಬ ಎರಡು ಲೆಕ್ಕಾಚಾರ ಅದರ ಹಿಂದಿದ್ದವು. ಒಂದು ಕೈಯಲ್ಲಿ ಬಂದೂಕು ಕೊಟ್ಟು ಇನ್ನೊಂದು ಕೈಯಲ್ಲಿ ಸಂಧಾನದ ಕಾಗದ ಹಿಡಿದ ಆ ನೀತಿ ಎಷ್ಟು ಅಪಾಯಕಾರಿಯಾಗಿತ್ತು ಎಂಬುದು ಗೊತ್ತಾಗಲು ನಾಲ್ಕು ವರ್ಷ ಸಾಕಾಯಿತು.

ಸಂಧಾನದ ಒಂದು ಮುಖ್ಯ ಘಟ್ಟ ನಡೆದದ್ದು ಬೆಂಗಳೂರಿನಲ್ಲಿ. 1986ರ ನವೆಂಬರ್ 16 ಮತ್ತು 17ರಂದು ಸಾರ್ಕ್ ದೇಶಗಳ ಎರಡನೆಯ ಶೃಂಗಸಭೆ ಇಲ್ಲಿ ಸೇರಿತು. ರಾಮಕೃಷ್ಣ ಹೆಗಡೆ ಆಗ ಮುಖ್ಯಮಂತ್ರಿ. ಶ್ರೀಲಂಕಾ ಅಧ್ಯಕ್ಷ ಜೆ.ಆರ್. ಜಯವರ್ಧನೆ ಸಭೆಗೆ ಬರುವ ಮುನ್ನವೇ ತಮಿಳುನಾಡು ಪೊಲೀಸರು ಉಗ್ರರ ನೆಲೆಗಳ ಮೇಲೆ ಏಕಕಾಲಕ್ಕೆ ದಾಳಿ ಮಾಡಿ ಶಸ್ತ್ರಾಸ್ತ್ರ ವಶಪಡಿಸಿಕೊಂಡಿದ್ದರು. ಶೃಂಗಸಭೆಯ ವೇಳೆಗೆ ಎಲ್‌ಟಿಟಿಇ ನಾಯಕ ವೇಲುಪಿಳ್ಳೈ ಪ್ರಭಾಕರನ್‌ನನ್ನು ಮದ್ರಾಸಿನಿಂದ ವಿಮಾನದಲ್ಲಿ ಬೆಂಗಳೂರಿಗೆ ಕರೆತರಲಾಯಿತು. ಎಂಜಿಆರ್ ಕೂಡ ಬಂದರು. ಶ್ರೀಲಂಕಾದ ಪೂರ್ವ ಪ್ರಾಂತ್ಯವನ್ನು ಮೂರು ಭಾಗ ಮಾಡುವ ಪ್ರಸ್ತಾವವನ್ನು ಪ್ರಭಾಕರನ್ ಮುಂದಿಡಲಾಯಿತು. ಆತ ಒಪ್ಪಲಿಲ್ಲ.

ಏಳು ತಿಂಗಳ ನಂತರ ಪೂಮಾಲೈ ನಡೆಯಿತು. ಮುಂದಿನ ತಿಂಗಳು, 1987ರ ಜುಲೈ 29ರಂದು, ಪ್ರಧಾನಿ ರಾಜೀವ್ ಗಾಂಧಿ ಮತ್ತು ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನವೇ ಗೌರವ ರಕ್ಷೆ ಸ್ವೀಕರಿಸುತ್ತಿದ್ದ ರಾಜೀವ್ ಮೇಲೆ ಶ್ರೀಲಂಕಾ ನೌಕಾಪಡೆಯ ಜವಾನನೊಬ್ಬ ಬಂದೂಕಿನ ಹಿಡಿಯಿಂದ ಹೊಡೆಯಲು ಹೋದ. ಒಪ್ಪಂದ ಕಾಯಲೆಂದು ಹೋದ ಭಾರತೀಯ ಶಾಂತಿಪಾಲನಾ ಪಡೆ ಎರಡೂವರೆ ತಿಂಗಳಲ್ಲಿ, ಭಾರತವೇ ಬೆಳೆಸಿದ್ದ ಹುಲಿಗಳ ವಿರುದ್ಧ ಯುದ್ಧಕ್ಕಿಳಿಯಬೇಕಾಯಿತು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ವಾಪಸು ಹೊರಡುವ ಹೊತ್ತಿಗೆ 1,100ಕ್ಕೂ ಹೆಚ್ಚು ಭಾರತೀಯ ಯೋಧರು ಪ್ರಾಣ ಕಳೆದುಕೊಂಡಿದ್ದರು. ತಮ್ಮದಲ್ಲದ ನೆಲದಲ್ಲಿ, ಯಾರ ಪರವಾಗಿ ಹೋರಾಡುತ್ತಿದ್ದೇವೆ ಎಂಬುದೇ ತಿಳಿಯಾಗದ ಯುದ್ಧದಲ್ಲಿ ಸತ್ತ ಈ ಯೋಧರಿಗೆ ದೇಶದ ನೆನಪಿನಲ್ಲಿ ಸಿಕ್ಕ ಜಾಗ ತೀರಾ ಕಡಿಮೆ.

ವಾಪಸು ಬಂದ ಪಡೆಯೊಂದಿಗೆ ಯುದ್ಧವೂ ಹಿಂದಿರುಗಿತು. 1990ರ ಜೂನ್‌ನಲ್ಲಿ ಪ್ರತಿಸ್ಪರ್ಧಿ ಗುಂಪಿನ ನಾಯಕ ಪದ್ಮನಾಭ ಮತ್ತು ಸಂಗಡಿಗರನ್ನು ಎಲ್‌ಟಿಟಿಇ ಮದ್ರಾಸಿನ ಕೋಡಂಬಾಕ್ಕಂನಲ್ಲೇ ಕೊಂದಿತು. ಹುಲಿಗಳ ಚಟುವಟಿಕೆಗೆ ಕಡಿವಾಣ ಹಾಕಲಿಲ್ಲವೆಂಬ ಆರೋಪ ಹೊತ್ತ ತಮಿಳುನಾಡಿನ ಕರುಣಾನಿಧಿ ಸರ್ಕಾರವನ್ನು 1991ರ ಜನವರಿಯಲ್ಲಿ ಕೇಂದ್ರ ವಜಾ ಮಾಡಿತು. ಅದೇ ವರ್ಷ ಮೇ 21ರಂದು ಶ್ರೀಪೆರಂಬದೂರಿನ ಚುನಾವಣಾ ಸಭೆಯಲ್ಲಿ ಆತ್ಮಾಹುತಿ ಬಾಂಬಿಗೆ ರಾಜೀವ್ ಗಾಂಧಿ ಬಲಿಯಾದರು. ಲೋಕಸಭೆಯ ಉಳಿದ ಹಂತದ ಮತದಾನ ಜೂನ್ ನಡುಭಾಗಕ್ಕೆ ಹೋಯಿತು.

ತನಿಖೆಯ ಹೊಣೆ ಹೊತ್ತ ವಿಶೇಷ ತಂಡದ ಮುಖ್ಯಸ್ಥ ಡಿ.ಆರ್. ಕಾರ್ತಿಕೇಯನ್ ಕರ್ನಾಟಕ ಕೇಡರಿನ ಪೊಲೀಸ್ ಅಧಿಕಾರಿ. ತಮಿಳುನಾಡಿನಲ್ಲಿ ಹುಡುಕಾಟ ಬಿಗಿಯಾದಂತೆ ಸಂಚಿನ ಸೂತ್ರಧಾರ ಶಿವರಾಸನ್ ಮತ್ತು ಜೊತೆಗಾರರು ಟ್ಯಾಂಕರ್ ಲಾರಿಯೊಂದರಲ್ಲಿ ಅಡಗಿ ಬೆಂಗಳೂರು ಸೇರಿದರು. ಹುಲಿಗಳ ಗಾಯಾಳುಗಳೂ ಇತ್ತ ಬಂದು ಬಾಡಿಗೆ ಮನೆಗಳಲ್ಲಿ, ಹಳ್ಳಿಗಳಲ್ಲಿ ತಂಗಿದ್ದರು. ಆಗಸ್ಟ್ ನಡುಭಾಗದಲ್ಲಿ ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಪೊಲೀಸರು ಸುತ್ತುವರಿದಾಗ ಅವರಲ್ಲಿ ಹಲವರು ಕೊರಳಿನ ಸಯನೈಡ್ ಕಚ್ಚಿ ಸತ್ತರು. ಕೆಲವೇ ದಿನಗಳಲ್ಲಿ, ಆಗಸ್ಟ್ 20ರ ಬೆಳಗಿನ ಜಾವ, ಕೋಣನಕುಂಟೆಯ ಮನೆಯೊಂದಕ್ಕೆ ಕಮಾಂಡೊಗಳು ನುಗ್ಗುವ ಹೊತ್ತಿಗೆ ಶಿವರಾಸನ್, ಅವನ ಜೊತೆಗಾತಿ ಶುಭಾ ಸೇರಿ ಏಳು ಜನ ಹೆಣವಾಗಿದ್ದರು. ಬೆಂಗಳೂರಿನ ಅಂಚಿನ ಹಳ್ಳಿಯಂತಿದ್ದ ಕೋಣನಕುಂಟೆಯ ಹೆಸರು ಅಂದು ದೇಶಕ್ಕೆಲ್ಲ ತಿಳಿಯಿತು. ಆ ದಿನಗಳನ್ನು ಎ.ಎಂ.ಆರ್. ರಮೇಶ್ 2006ರಲ್ಲಿ 'ಸಯನೈಡ್' ಎಂಬ ಕನ್ನಡ ಚಿತ್ರವಾಗಿಸಿದರು. 1992ರ ಮೇ ತಿಂಗಳಲ್ಲಿ ಭಾರತ ಎಲ್‌ಟಿಟಿಇಯನ್ನು ನಿಷೇಧಿಸಿತು. ಹತ್ಯೆ ಪ್ರಕರಣದ ಕೊನೆಯ ಆರು ಅಪರಾಧಿಗಳು ಸುಪ್ರೀಂ ಕೋರ್ಟ್ ಆದೇಶದಂತೆ ಜೈಲಿನಿಂದ ಹೊರಬಂದದ್ದು 2022ರ ನವೆಂಬರ್‌ನಲ್ಲಿ. ಅಂದರೆ ಶ್ರೀಲಂಕಾದ ಯುದ್ಧ ಮುಗಿದ ಹದಿಮೂರು ವರ್ಷಗಳ ನಂತರವೂ ಅದರ ಒಂದು ಕಡತ ಭಾರತದ ನ್ಯಾಯಾಲಯದಲ್ಲಿ ತೆರೆದೇ ಇತ್ತು.

ನೆರೆಯ ಬಂಡುಕೋರರನ್ನು ಸಾಕಿದವರಿಗೆ ಇಂಥ ಗತಿ ಒದಗಿದ್ದು ಭಾರತಕ್ಕೆ ಮಾತ್ರವಲ್ಲ. 1991ರ ಮಾರ್ಚ್‌ನಲ್ಲಿ ಲೈಬೀರಿಯಾದ ಸೇನಾನಾಯಕ ಚಾರ್ಲ್ಸ್ ಟೇಲರ್‌ನ ಬೆಂಬಲದೊಂದಿಗೆ ಬಂಡುಕೋರರು ಪಕ್ಕದ ಸಿಯೆರಾ ಲಿಯೋನ್‌ಗೆ ನುಗ್ಗಿದರು. ಅಲ್ಲಿನ ವಜ್ರದ ಗಣಿಗಳು ಎರಡೂ ದೇಶಗಳ ಯುದ್ಧಕ್ಕೆ ಹಣ ಒದಗಿಸಿದವು. ಮುಂದೆ ಲೈಬೀರಿಯಾದ ಅಧ್ಯಕ್ಷನೂ ಆದ ಟೇಲರ್‌ಗೆ, ನೆರೆದೇಶದಲ್ಲಿ ನಡೆದ ಅಪರಾಧಗಳಿಗೆ ನೆರವಾದದ್ದಕ್ಕಾಗಿ, 2012ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ 50 ವರ್ಷಗಳ ಸೆರೆ ವಿಧಿಸಿತು.

ರುವಾಂಡಾದ ಕಥೆ ಇನ್ನೂ ಘೋರ. 1994ರ ಏಪ್ರಿಲ್‌ನಿಂದ ಜುಲೈವರೆಗೆ ಅಲ್ಲಿ ಸುಮಾರು 8 ಲಕ್ಷ ಜನರ ಹತ್ಯಾಕಾಂಡ ನಡೆಯಿತು. ಹತ್ಯೆ ಮಾಡಿದ ಆಡಳಿತ ಸೋತಾಗ, ಅದರ ಸೈನಿಕರು ಮತ್ತು ಕೊಲೆಗಡುಕ ಪಡೆಗಳು ಲಕ್ಷಾಂತರ ಸಾಮಾನ್ಯ ಜನರೊಂದಿಗೆ ಬೆರೆತು ಜಯೀರ್ (ಇಂದಿನ ಕಾಂಗೊ) ದೇಶದ ಗೋಮಾ ಪಟ್ಟಣದ ಸುತ್ತ ಬೀಡುಬಿಟ್ಟರು. ಕಾಲರಾ ಹರಡಿ ಹತ್ತಾರು ಸಾವಿರ ಮಂದಿ ಸತ್ತರು. ಪರಿಹಾರದ ಆಹಾರ ಹಂಚುವ ಅಧಿಕಾರ ಕೊಲೆಗಡುಕರ ಕೈಗೇ ಹೋಯಿತು. ಶಿಬಿರಗಳೇ ಮರುದಾಳಿಯ ನೆಲೆಗಳಾದವು. 1996ರಲ್ಲಿ ರುವಾಂಡಾ ಸೇನೆ ಗಡಿ ದಾಟಿತು, 1997ರ ಮೇಯಲ್ಲಿ ಜಯೀರನ್ನು ಮೂರು ದಶಕ ಆಳಿದ ಮೊಬುಟು ಉರುಳಿದ, 1998ರಿಂದ 2003ರವರೆಗೆ ನಡೆದ ಎರಡನೆಯ ಕಾಂಗೊ ಯುದ್ಧಕ್ಕೆ ಆಫ್ರಿಕದ ಹಲವು ದೇಶಗಳ ಸೇನೆಗಳು ಇಳಿದವು. ಪೂರ್ವ ಕಾಂಗೊ ಇಂದಿಗೂ ಶಾಂತವಾಗಿಲ್ಲ.

ಇಂಥ ಪ್ರಕರಣಗಳನ್ನು ಹಿಡಿದು ನಿರಾಶ್ರಿತರೇ ಅಪಾಯ ಎನ್ನುವವರಿದ್ದಾರೆ. ಇಡಿಯಾನ್ ಸಾಲೆಹಿಯಾನ್ ಮತ್ತು ಕ್ರಿಸ್ಟಿಯನ್ ಗ್ಲೆಡಿಚ್ ಎಂಬ ವಿದ್ವಾಂಸರು 2006ರಲ್ಲಿ ಪ್ರಕಟಿಸಿದ ಅಧ್ಯಯನ, ನೆರೆದೇಶದಿಂದ ನಿರಾಶ್ರಿತರು ಬಂದ ದೇಶಗಳಲ್ಲಿ ಸಂಘರ್ಷದ ಸಂಭವ ಹೆಚ್ಚುವುದನ್ನು ತೋರಿಸಿತು. ಆದರೆ ನಿರಾಶ್ರಿತರಲ್ಲಿ ಬಹುಪಾಲು ಜನ ಯಾವ ಹಿಂಸೆಯಲ್ಲೂ ತೊಡಗುವವರಲ್ಲ ಎಂದು ಅದೇ ಲೇಖಕರು ಒತ್ತಿ ಹೇಳಿದ್ದಾರೆ. ಗೋಮಾದಲ್ಲಿ ತಪ್ಪಿದ್ದು ಬಂದೂಕು ಹಿಡಿದವನನ್ನೂ ಕೂಸು ಎತ್ತಿಕೊಂಡವಳನ್ನೂ ಬೇರೆ ಮಾಡುವ ಕೆಲಸ. ಅದು ಆತಿಥೇಯ ಸರ್ಕಾರದ, ಜಗತ್ತಿನ ದೊಡ್ಡ ದೇಶಗಳ ಹೊಣೆಯಾಗಿತ್ತು.

ನಿರಾಶ್ರಿತರ ಭಾರ ದೇಶದ ಮೂಲೆ ಮೂಲೆಗೆ ಹೇಗೆ ಹಂಚಿಹೋಗುತ್ತದೆ ಎಂಬುದಕ್ಕೆ 1971ರಷ್ಟು ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಆ ವರ್ಷದ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೇನೆ ತನ್ನದೇ ಪೂರ್ವ ಭಾಗದ ಜನರ ಮೇಲೆ ಢಾಕಾದಲ್ಲಿ ದಾಳಿ ಆರಂಭಿಸಿತು. ಡಿಸೆಂಬರ್ 16ರಂದು ಬಾಂಗ್ಲಾದೇಶ ವಿಮೋಚನೆಗೊಳ್ಳುವ ಹೊತ್ತಿಗೆ ಭಾರತಕ್ಕೆ ಓಡಿಬಂದವರು ಸುಮಾರು ಒಂದು ಕೋಟಿ. ತ್ರಿಪುರಾದ ಜನಸಂಖ್ಯೆ ಆಗ 15 ಲಕ್ಷದ ಆಸುಪಾಸು. ಬಂದವರ ಸಂಖ್ಯೆ ಹೆಚ್ಚು ಕಡಿಮೆ ಅಷ್ಟೇ. ಶಾಲೆಗಳು ಶಿಬಿರಗಳಾದವು, ದೊಡ್ಡ ಸಿಮೆಂಟ್ ಕೊಳವೆಗಳೊಳಗೂ ಸಂಸಾರಗಳು ವಾಸ ಹೂಡಿದವು.

ಈ ಖರ್ಚಿಗಾಗಿ ಕೇಂದ್ರ ಸರ್ಕಾರ ಹಾಕಿದ ತೆರಿಗೆಗಳಲ್ಲಿ ಒಂದು ಪ್ರತಿ ಊರನ್ನೂ ಮುಟ್ಟಿತು. 1971ರ ನವೆಂಬರ್ 15ರಿಂದ ಅಂಚೆಗೆ ಹಾಕುವ ಕಾಗದಕ್ಕೆ ಮಾಮೂಲಿ ಚೀಟಿಯ ಜೊತೆಗೆ 5 ಪೈಸೆಯ 'ನಿರಾಶ್ರಿತರ ಪರಿಹಾರ' ಚೀಟಿಯನ್ನೂ ಹಚ್ಚಬೇಕಾಯಿತು. ಹೊಸ ಚೀಟಿ ಅಚ್ಚಾಗಿ ಬರುವವರೆಗೆ ಕುಟುಂಬ ಯೋಜನೆಯ 5 ಪೈಸೆ ಚೀಟಿಗಳ ಮೇಲೇ ಆ ಮಾತುಗಳನ್ನು ಒತ್ತಲಾಯಿತು. ಕೆಲವು ಕಡೆ ಸ್ಥಳೀಯವಾಗಿಯೇ ಹಾಗೆ ಒತ್ತಿದರು; ಬೆಂಗಳೂರಿನಲ್ಲಿ ಒತ್ತಿದ ಚೀಟಿಗಳನ್ನು ಸಂಗ್ರಾಹಕರು ಇಂದೂ ಹುಡುಕುತ್ತಾರೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲಿನಂಥ ಹೋಬಳಿ ಊರಿನಿಂದ ಬೆಂಗಳೂರಿನಲ್ಲಿ ಓದುವ ಮಗನಿಗೆ ಕಾಗದ ಬರೆದವರು ಕೂಡ, ಗಡಿಯಿಂದ ಸುಮಾರು ಸಾವಿರ ಮೈಲಿ ಇತ್ತ, ಆ ಯುದ್ಧದ ಖರ್ಚಿನಲ್ಲಿ ಪಾಲುದಾರರಾದರು. 1973ರ ಮಾರ್ಚ್ ಕೊನೆಯವರೆಗೆ ಈ ವಸೂಲಿ ನಡೆಯಿತು. ರೈಲು ಟಿಕೆಟ್ಟಿನ ಮೇಲೂ ತೆರಿಗೆ ಬಿತ್ತು. ಬಡ ದೇಶವೊಂದು ಕೋಟಿ ಜನರಿಗೆ ಅನ್ನ ಹಾಕಿದ್ದು ದೊಡ್ಡ ದೇಶಗಳ ದಾನದಿಂದ ಮಾತ್ರವಲ್ಲ, ಇಂಥ ಐದೈದು ಪೈಸೆಗಳಿಂದ ಕೂಡ ಎಂಬುದನ್ನು ಹೆಮ್ಮೆಯಿಂದಲೇ ಹೇಳಬೇಕು.

ಆ ಶಿಬಿರಗಳಿಂದ ಜಗತ್ತಿಗೆ ಒಂದು ಉಪಕಾರವೂ ಆಯಿತು. ಗಡಿಯ ಬನಗಾಂವ್‌ನಲ್ಲಿ ಕಾಲರಾ ಹರಡಿ, ರಕ್ತನಾಳಕ್ಕೆ ಹಾಕುವ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ರೋಗಿಗಳಿಗೆ ಕುಡಿಸುವ ಧೈರ್ಯ ಮಾಡಿದರು. ತಾಯಂದಿರೇ ಲೋಟ ಹಿಡಿದು ಮಕ್ಕಳಿಗೆ ಕುಡಿಸಿದರು. ಶೇ. 30ರ ಹತ್ತಿರವಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. ಇಂದು ಹಳ್ಳಿಯ ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ಓಆರ್‌ಎಸ್ ಪೊಟ್ಟಣ ದೊಡ್ಡ ಪ್ರಮಾಣದಲ್ಲಿ ತನ್ನ ಬಲ ತೋರಿದ್ದು ಆ ಅಂತರ್ಯುದ್ಧದ ನಿರಾಶ್ರಿತರ ನಡುವೆ. ಮಹಲನಬಿಸ್ ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ಅವರು ತೀರಿಕೊಂಡ ನಂತರ.

ಬಂದವರಲ್ಲಿ ಹೆಚ್ಚಿನವರು ಯುದ್ಧ ಮುಗಿದ ಮೇಲೆ ಹಿಂದಿರುಗಿದರು. ಪೂರ್ವ ಪಾಕಿಸ್ತಾನದಿಂದ ಬೇರೆ ಬೇರೆ ಅವಧಿಗಳಲ್ಲಿ ಬಂದು ಉಳಿದವರಲ್ಲಿ ಕೆಲವು ಬಂಗಾಳಿ ಕುಟುಂಬಗಳಿಗೆ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ಪುನರ್ವಸತಿ ಸಿಕ್ಕಿತು. ಅಲ್ಲಿನ 'ಆರ್.ಎಚ್. ಕ್ಯಾಂಪ್'ಗಳಲ್ಲಿ ಮನೆಯೊಳಗೆ ಬಂಗಾಳಿ, ಸಂತೆಯಲ್ಲಿ ಕನ್ನಡ. ತುಂಗಭದ್ರಾ ಕಾಲುವೆಯ ಸೀಮೆಯಲ್ಲಿ ಭತ್ತ, ತರಕಾರಿ, ಮೀನು ಸಾಕಣೆ. ಎರಡನೆಯ, ಮೂರನೆಯ ತಲೆಮಾರು ಇಲ್ಲೇ ಕನ್ನಡ ಶಾಲೆಯಲ್ಲಿ ಓದಿ ಬೆಳೆದರೂ ಹಲವರಿಗೆ ಪೌರತ್ವದ ಕಾಗದ, ಜಾತಿ ಪ್ರಮಾಣಪತ್ರಗಳ ಪರದಾಟ ಬಿಡಲಿಲ್ಲ. ಬೈಲಕುಪ್ಪೆಯ ಟಿಬೆಟನ್ ನೆಲೆಯನ್ನು ಇದರೊಂದಿಗೆ ಸೇರಿಸಿ ಹೇಳುವುದುಂಟು. ಅದು 1959ರ ನಂತರ ಚೀನಾದ ಆಳ್ವಿಕೆಯಿಂದ ತಪ್ಪಿಸಿಕೊಂಡು ಬಂದವರ ನೆಲೆ; ಅದರ ಕಥೆ ಬೇರೆ.

ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಸೀಮೆಯ ರಬ್ಬರ್ ತೋಟಗಳಲ್ಲಿ ಇನ್ನೊಂದು ಗುಂಪು ಇದೆ. ಬ್ರಿಟಿಷರು ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿ, ಆಮೇಲೆ ಚಹಾ ತೋಟಗಳ ಕೂಲಿಗೆಂದು ಸಿಲೋನಿಗೆ (ಇಂದಿನ ಶ್ರೀಲಂಕಾ) ಸಾಗಿಸಿದ್ದ ತಮಿಳರ ವಂಶಸ್ಥರು ಇವರು. ಸಿಲೋನಿನ 1948ರ ಪೌರತ್ವ ಕಾಯ್ದೆ ಅವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್ 30ರಂದು ಎರಡೂ ದೇಶಗಳ ಪ್ರಧಾನಿಗಳಾದ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಮಾಡಿಕೊಂಡ ಒಪ್ಪಂದದಂತೆ 5,25,000 ಜನರನ್ನು ಭಾರತ, 3,00,000 ಜನರನ್ನು ಸಿಲೋನ್ ತಮ್ಮ ಪ್ರಜೆಗಳಾಗಿ ಸ್ವೀಕರಿಸಬೇಕಿತ್ತು. ಹಾಗೆ ಮರಳಿದವರಲ್ಲಿ ಕೆಲವರಿಗೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ಕೆಲಸ, ಸಾಲುಮನೆಗಳು ಸಿಕ್ಕವು. ಅಂತರ್ಯುದ್ಧಕ್ಕೆ ಮೊದಲೇ ಶುರುವಾದ ಈ ವಲಸೆಗೆ 1977, 1981 ಮತ್ತು 1983ರ ಗಲಭೆಗಳು ಭಯದ ಚುರುಕು ಮುಟ್ಟಿಸಿದವು. 1984ರಲ್ಲಿ ರಾಮೇಶ್ವರ–ತಲೈಮನ್ನಾರ್ ಹಡಗು ನಿಂತಾಗ ಬರಬೇಕಿದ್ದವರು ಅಲ್ಲೇ ಉಳಿದರು, ಬಂದವರ ಬಂಧುಬಳಗ ಎರಡು ದೇಶಗಳಲ್ಲಿ ಹರಿದುಹೋಯಿತು. ಸುಳ್ಯದ ಮಳೆಯಲ್ಲಿ ಬೆಳಗಿನ ಜಾವ ಎದ್ದು ರಬ್ಬರ್ ಹಾಲು ಇಳಿಸುವ ಇವರ ಬದುಕಿನ ಬಗ್ಗೆ ಕನ್ನಡದಲ್ಲಿ ಬಂದಿರುವ ಬರಹ ಸಾಲದು.

ಹಡಗು ನಿಂತದ್ದರಿಂದ ಆ ದಾರಿಯ ವ್ಯಾಪಾರವೂ ನಿಂತಿತು. ಭಾರತದಿಂದ ಉತ್ತರ ಶ್ರೀಲಂಕಾಕ್ಕೆ ಪ್ರಯಾಣಿಕರ ದೋಣಿ ಸೇವೆ ಮತ್ತೆ ಶುರುವಾದದ್ದು 2023ರ ಅಕ್ಟೋಬರ್‌ನಲ್ಲಿ, ನಾಗಪಟ್ಟಣದಿಂದ. ಯುದ್ಧದ ವರ್ಷಗಳಲ್ಲಿ ಉತ್ತರ ಶ್ರೀಲಂಕಾದ ಬೆಸ್ತರಿಗೆ ಕಡಲಿಗಿಳಿಯಲು ನಿರ್ಬಂಧವಿತ್ತು. ಆ ಖಾಲಿ ನೀರಿನಲ್ಲಿ ತಮಿಳುನಾಡಿನ ಟ್ರಾಲರ್‌ಗಳು ಮೀನು ಹಿಡಿದು ಬೆಳೆದವು. 2009ರ ನಂತರ ಜಾಫ್ನಾ, ಮನ್ನಾರ್‌ನ ಬೆಸ್ತರು ಹಳೆಯ ದೋಣಿ ಸರಿಪಡಿಸಿಕೊಂಡು ಮರಳಿದಾಗ ಅವರಿಗೆ ಕಂಡದ್ದು ತಳ ಗೀರಿ ಬರಿದಾದ ಕಡಲು. 2017ರಲ್ಲಿ ಶ್ರೀಲಂಕಾ ತಳಗೀರು ಬಲೆಗಳನ್ನು ನಿಷೇಧಿಸಿತು. ದೋಣಿ ವಶ, ಬೆಸ್ತರ ಬಂಧನ, ಬಿಡುಗಡೆಗಾಗಿ ರಾಮೇಶ್ವರದಲ್ಲಿ ಮುಷ್ಕರ ಇವೆಲ್ಲ ಈಗ ವರ್ಷವರ್ಷದ ಸುದ್ದಿ. ಎರಡೂ ದಡದಲ್ಲಿರುವವರು ತಮಿಳು ಬೆಸ್ತರೇ ಎಂಬುದು ಈ ಜಗಳವನ್ನು ಇನ್ನಷ್ಟು ನೋವಿನದಾಗಿಸಿದೆ.

ಕಡಲಿಲ್ಲದ ದೇಶಗಳಿಗೆ ನೆರೆಮನೆಯ ಯುದ್ಧ ಉಸಿರು ಕಟ್ಟಿಸುವಂಥದ್ದು. 1977ರಿಂದ 1992ರವರೆಗೆ ಮೊಜಾಂಬಿಕ್ ಅಂತರ್ಯುದ್ಧದಲ್ಲಿ ಸಿಲುಕಿದ್ದಾಗ, ಅದರ ಬೈರಾ ಮತ್ತು ನಕಾಲಾ ಬಂದರುಗಳನ್ನೇ ನೆಚ್ಚಿದ್ದ ಮಲಾವಿಯ ರೈಲು ದಾರಿಗಳು ಮುಚ್ಚಿದವು. ಸರಕು ದಕ್ಷಿಣ ಆಫ್ರಿಕದವರೆಗೆ ಸುತ್ತಿ ಬರಬೇಕಾಗಿ ಸಾಗಣೆ ವೆಚ್ಚ ಏರಿತು. ಅದೇ ಹೊತ್ತಿಗೆ ಹತ್ತು ಲಕ್ಷ ನಿರಾಶ್ರಿತರು ಆ ಬಡ ದೇಶದಲ್ಲಿದ್ದರು. ಹತ್ತು ಮಲಾವಿಯನ್ನರಿಗೆ ಒಬ್ಬ ಮೊಜಾಂಬಿಕ್‌ನವನ ಲೆಕ್ಕ. ಸಿರಿಯಾದ ಯುದ್ಧದಿಂದ ಲೆಬನಾನ್ ಕಂಡದ್ದು ಇದಕ್ಕಿಂತ ತೀವ್ರ. ಸುಮಾರು 45 ಲಕ್ಷ ಜನರಿದ್ದ ಆ ದೇಶದಲ್ಲಿ ನೋಂದಾಯಿತ ಸಿರಿಯನ್ ನಿರಾಶ್ರಿತರ ಸಂಖ್ಯೆ 2014ರ ಏಪ್ರಿಲ್‌ನಲ್ಲಿ ಹತ್ತು ಲಕ್ಷ ದಾಟಿತು. ಸರ್ಕಾರಿ ಶಾಲೆಗಳು ಬೆಳಿಗ್ಗೆ ತಮ್ಮ ಮಕ್ಕಳಿಗೆ, ಮಧ್ಯಾಹ್ನ ಸಿರಿಯಾದ ಮಕ್ಕಳಿಗೆ ಎಂದು ಎರಡು ಪಾಳಿ ನಡೆಸಿದವು.

ಸುಡಾನ್‌ನಲ್ಲಿ 2023ರ ಏಪ್ರಿಲ್ 15ರಂದು ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಕಾಳಗ ಹೊತ್ತಿಕೊಂಡಿತು. ಚಾಡ್, ಈಜಿಪ್ಟ್, ದಕ್ಷಿಣ ಸುಡಾನ್‌ಗಳಿಗೆ ಲಕ್ಷಾಂತರ ಜನ ಓಡಿದರು. 2003ರ ಡಾರ್ಫರ್ ಹಿಂಸೆಯಿಂದ ಬಂದವರನ್ನೇ ಇನ್ನೂ ಸಾಕುತ್ತಿದ್ದ ಚಾಡ್‌ಗೆ ಇದು ಎರಡನೆಯ ಹೊಡೆತ. ದಕ್ಷಿಣ ಸುಡಾನ್‌ನ ಆದಾಯವೆಲ್ಲ ಬಹುಮಟ್ಟಿಗೆ ಕಚ್ಚಾ ತೈಲದ್ದು, ಆ ತೈಲ ಕಡಲು ಸೇರುವುದು ಸುಡಾನ್ ಮೂಲಕ ಹಾಯುವ ಕೊಳವೆಗಳಲ್ಲಿ. 2024ರ ಫೆಬ್ರುವರಿಯಲ್ಲಿ ಯುದ್ಧಪ್ರದೇಶದಲ್ಲಿ ಮುಖ್ಯ ಕೊಳವೆ ಒಡೆದಾಗ ಸರ್ಕಾರಿ ನೌಕರರ ಸಂಬಳವೇ ನಿಂತಿತು.

ಅದೇ ಯುದ್ಧದಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರೂ ಸಿಕ್ಕಿಕೊಂಡರು. ಮೈಸೂರು, ಶಿವಮೊಗ್ಗ, ದಾವಣಗೆರೆ ಜಿಲ್ಲೆಗಳ ಈ ಜನ ಗಿಡಮೂಲಿಕೆಯ ಎಣ್ಣೆ, ಔಷಧಿ ಮಾರಲು ಆಫ್ರಿಕದ ದೇಶಗಳಿಗೆ ಹೋಗುವುದು ವರ್ಷಗಳಿಂದ ನಡೆದುಬಂದಿದೆ. ಡಾರ್ಫರ್‌ನ ಎಲ್ ಫಾಶೆರ್‌ನಲ್ಲಿ 31 ಮಂದಿ ಅನ್ನ, ನೀರಿಲ್ಲದೆ ಬಾಡಿಗೆ ಮನೆಯೊಳಗೆ ಕುಳಿತಿದ್ದಾರೆ ಎಂಬ ಸುದ್ದಿ ವಿಧಾನಸಭೆ ಚುನಾವಣೆಯ ಕಾವಿನ ನಡುವೆ ಬಂದಿತು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಮತ್ತು ವಿದೇಶಾಂಗ ಸಚಿವ ಎಸ್. ಜೈಶಂಕರ್ ಟ್ವಿಟರ್‌ನಲ್ಲಿ ಬಿರುಸಾಗಿ ಮಾತಿಗೆ ಮಾತು ಬೆಳೆಸಿದರು. ಭಾರತೀಯರನ್ನು ಪೋರ್ಟ್ ಸುಡಾನ್‌ನಿಂದ ಜೆಡ್ಡಾಕ್ಕೆ, ಅಲ್ಲಿಂದ ಸ್ವದೇಶಕ್ಕೆ ತಂದ ಕಾರ್ಯಾಚರಣೆಗೆ ಕೇಂದ್ರ 'ಕಾವೇರಿ' ಎಂದು ಹೆಸರಿಟ್ಟಿತು. 2023ರ ಏಪ್ರಿಲ್ ಕೊನೆಯಲ್ಲಿ ಜೆಡ್ಡಾದಿಂದ ನೇರ ಬೆಂಗಳೂರಿಗೆ ಬಂದಿಳಿದ ವಿಮಾನದಲ್ಲಿದ್ದ 362 ಜನರಲ್ಲಿ ಹಕ್ಕಿಪಿಕ್ಕಿಗಳು ದೊಡ್ಡ ಸಂಖ್ಯೆಯಲ್ಲಿದ್ದರು. ಹಳದಿ ಜ್ವರದ ಲಸಿಕೆ ಪತ್ರ ಇಲ್ಲದ ಕೆಲವರನ್ನು ಪ್ರತ್ಯೇಕವಾಗಿ ಇರಿಸಬೇಕಾಯಿತು. ಸುಡಾನ್ ನಮ್ಮ ನೆರೆದೇಶವಲ್ಲ. ಆದರೆ ದುಡಿಮೆಗಾಗಿ ದೂರ ಹೋಗುವ ಜನರಿರುವ ನಾಡಿಗೆ ನೆರೆಯ ಅಳತೆ ಬರೀ ಗಡಿಕಲ್ಲಿನಿಂದ ಆಗುವುದಿಲ್ಲ.

ಈ ಹೊತ್ತು ಭಾರತದ ಗಡಿಗೇ ತಾಗಿಕೊಂಡಿರುವ ಅಂತರ್ಯುದ್ಧ ಮ್ಯಾನ್ಮಾರ್‌ನದು. 2017ರಲ್ಲಿ ಅಲ್ಲಿನ ಸೇನೆಯ ಹಿಂಸೆಗೆ ಸಿಕ್ಕಿ 7 ಲಕ್ಷಕ್ಕೂ ಹೆಚ್ಚು ರೊಹಿಂಗ್ಯಾಗಳು ಬಾಂಗ್ಲಾದೇಶದ ಕಾಕ್ಸ್ ಬಜಾರ್ ಸೇರಿದರು. ಒಮ್ಮೆ ನಿರಾಶ್ರಿತರನ್ನು ಕಳಿಸಿದ್ದ ದೇಶ ಈಗ ಜಗತ್ತಿನ ಅತಿ ದೊಡ್ಡ ಶಿಬಿರಗಳನ್ನು ಸಾಕುತ್ತಿದೆ. 2021ರ ಫೆಬ್ರುವರಿಯ ಸೇನಾ ಕ್ಷಿಪ್ರಕ್ರಾಂತಿಯ ನಂತರ ಚಿನ್ ರಾಜ್ಯದ ಹತ್ತಾರು ಸಾವಿರ ಜನ ಮಿಜೋರಾಂಗೆ ಬಂದರು. ರಕ್ತಸಂಬಂಧಿಗಳಾದ ಮಿಜೋಗಳು ಅವರನ್ನು ಕೈಬಿಡಲಿಲ್ಲ. ತಡೆಯಿರಿ ಎಂದು ದೆಹಲಿ ಹೇಳಿದರೂ ರಾಜ್ಯ ಸರ್ಕಾರ, ಚರ್ಚುಗಳು, ಹಳ್ಳಿಗಳು ಅಕ್ಕಿ, ಬಟ್ಟೆ ಕೂಡಿಸಿ ಕೊಟ್ಟವು. ಗಡಿಗೆರೆಯ ಆಚೆಯವರನ್ನು ಅಣ್ಣತಮ್ಮಂದಿರೆಂದು ಕರೆಯುವ ಜನರಿಗೆ ಪಾಸ್‌ಪೋರ್ಟಿನ ಮಾತು ರುಚಿಸುವುದಿಲ್ಲ.

ಅದೇ ಯುದ್ಧದ ಇನ್ನೊಂದು ಕೈ ಕರ್ನಾಟಕದ ಮನೆಗಳ ಮೊಬೈಲಿಗೆ ಚಾಚಿದೆ. ಥಾಯ್ಲೆಂಡ್ ಗಡಿಯ ಮ್ಯಾವಡಿ ಪ್ರದೇಶದಲ್ಲಿ ಸರ್ಕಾರದ ಹಿಡಿತ ಸಡಿಲವಾದ ಕಡೆ, ಶಸ್ತ್ರಧಾರಿ ಗುಂಪುಗಳ ರಕ್ಷಣೆಯಲ್ಲಿ ಆನ್‌ಲೈನ್ ವಂಚನೆಯ ದೊಡ್ಡ ದೊಡ್ಡ ಕಟ್ಟಡಗಳು ಎದ್ದವು. ಕಂಪ್ಯೂಟರ್ ಕೆಲಸ ಕೊಡಿಸುತ್ತೇವೆಂದು ಬ್ಯಾಂಕಾಕ್‌ಗೆ ಕರೆಸಿಕೊಂಡ ಭಾರತೀಯ ಯುವಕರನ್ನು ಅಲ್ಲಿ ಕೂಡಿಹಾಕಿ, ಊರಿನವರನ್ನೇ ಮೋಸ ಮಾಡುವ ಕೆಲಸಕ್ಕೆ ಹಚ್ಚಲಾಯಿತು. 2025ರ ಮಾರ್ಚ್‌ನಲ್ಲಿ ಭಾರತ 500ಕ್ಕೂ ಹೆಚ್ಚು ಜನರನ್ನು ವಾಯುಪಡೆಯ ವಿಮಾನಗಳಲ್ಲಿ ವಾಪಸು ಕರೆತಂದಿತು. 'ಡಿಜಿಟಲ್ ಅರೆಸ್ಟ್' ಎಂದು ಬೆದರಿಸಿ ನಿವೃತ್ತ ಮೇಷ್ಟರ ಠೇವಣಿ ದೋಚುವ ಕರೆಗಳ ದೊಡ್ಡ ಪಾಲು ಮ್ಯಾನ್ಮಾರ್, ಕಾಂಬೋಡಿಯ, ಲಾವೋಸ್‌ಗಳಿಂದ ಬರುತ್ತದೆಂದು ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರವೇ ಹೇಳಿದೆ.

ನೆರೆಯವರು ಯುದ್ಧ ನಿಲ್ಲಿಸಿದ ಉದಾಹರಣೆಗಳೂ ಇವೆ. 1996ರಿಂದ ಹತ್ತು ವರ್ಷ ನಡೆದು ಸುಮಾರು 17,000 ಜನರನ್ನು ಬಲಿತೆಗೆದುಕೊಂಡ ನೇಪಾಳದ ಮಾವೋವಾದಿ ಯುದ್ಧದಲ್ಲಿ, ಮಾವೋವಾದಿಗಳಿಗೂ ಸಂಸದೀಯ ಪಕ್ಷಗಳಿಗೂ 12 ಅಂಶಗಳ ಒಪ್ಪಂದ ಕುದುರಿದ್ದು 2005ರ ನವೆಂಬರ್‌ನಲ್ಲಿ ದೆಹಲಿಯಲ್ಲಿ. ಶ್ರೀಲಂಕಾದಲ್ಲಿ ಬಂದೂಕು ಕೊಟ್ಟು ಕೆಟ್ಟ ದೇಶ ಇಲ್ಲಿ ಮಾತಿಗೆ ಜಾಗ ಕೊಟ್ಟಿತು. ಆ ಹತ್ತು ವರ್ಷಗಳಲ್ಲಿ ಮಾವೋವಾದಿಗಳ ಬಲವಂತದ ನೇಮಕಾತಿಗೂ ಸೇನೆಯ ಅನುಮಾನಕ್ಕೂ ಹೆದರಿ ತೆರೆದ ಗಡಿ ದಾಟಿದ ಸಾವಿರಾರು ಯುವಕರು ಭಾರತದ ನಗರಗಳಲ್ಲಿ ಕಾವಲು, ಹೋಟೆಲ್ ಕೆಲಸಗಳಿಗೆ ಸೇರಿದರು. 1950ರ ಭಾರತ–ನೇಪಾಳ ಒಪ್ಪಂದ ಇದ್ದುದರಿಂದ ಅವರನ್ನು ಯಾರೂ ನಿರಾಶ್ರಿತರೆಂದು ಎಣಿಸಲಿಲ್ಲ.

ಯಾರನ್ನು ಏನೆಂದು ಎಣಿಸಬೇಕು ಎಂಬುದಕ್ಕೆ ಭಾರತದಲ್ಲಿ ಕಾನೂನೇ ಇಲ್ಲ. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ದೇಶ ಸಹಿ ಹಾಕಿಲ್ಲ. ಬಂದವರಿಗೆ ಆಯಾ ಸರ್ಕಾರದ ಆಯಾ ಹೊತ್ತಿನ ತೀರ್ಮಾನವೇ ಗತಿ. 2019ರ ಪೌರತ್ವ ತಿದ್ದುಪಡಿ ಕಾಯ್ದೆ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಕೊನೆಯೊಳಗೆ ಬಂದ ಮುಸ್ಲಿಮೇತರರಿಗೆ ದಾರಿ ತೆರೆಯಿತು. 2024ರಲ್ಲಿ ನಿಯಮಗಳು ಜಾರಿಯಾದ ಮೇಲೆ ಸಿಂಧನೂರಿನ ಕ್ಯಾಂಪಿನ ಕೆಲವರಿಗೆ ಪೌರತ್ವ ಪತ್ರ ಸಿಕ್ಕಿತು. ಶ್ರೀಲಂಕಾ ಆ ಪಟ್ಟಿಯಲ್ಲಿಲ್ಲ. ತಮಿಳುನಾಡಿನ ನೂರಕ್ಕೂ ಹೆಚ್ಚು ಶಿಬಿರಗಳಲ್ಲಿ ಅಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಮಕ್ಕಳನ್ನು ಪಡೆದವರೂ ವಿದೇಶಿಯರಾಗಿಯೇ ಉಳಿದಿದ್ದಾರೆ. 2015ರ ಜನವರಿ 9ರೊಳಗೆ ಬಂದು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರನ್ನು ಪಾಸ್‌ಪೋರ್ಟ್, ವೀಸಾ ಇಲ್ಲದ ಕಾರಣಕ್ಕೆ ಶಿಕ್ಷೆಗೆ ಗುರಿಪಡಿಸುವುದಿಲ್ಲವೆಂದು ಗೃಹ ಸಚಿವಾಲಯ 2025ರ ಸೆಪ್ಟೆಂಬರ್‌ನಲ್ಲಿ ಆದೇಶ ಹೊರಡಿಸಿತು. ಪೌರತ್ವದ ಮಾತು ಅದರಲ್ಲಿಲ್ಲ.